ಜಗಳದ ಪೀರಿಯಡ್

ಕಳೆದ ತಿಂಗಳು ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಸಾಧು ಸ್ವಭಾವದವರು, ಮಿತಭಾಷಿ, ಯಾರ ತಂಟೆಗೂ ಹೋಗದವರು ಎಂದು ಹೊಗಳಿದರು. ಅಂಥ ಸಭೆಗಳ ಮಾತುಗಳೇ ಹಾಗೆ, ಯಾರಿಗೆ ಬೇಕಾದರೂ ಹೊಂದಿಕೊಳ್ಳುತ್ತವೆ. ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ಮೇಡಂ ನನ್ನ ಕಡೆ ತಿರುಗಿ ಒಂದು ಹುಬ್ಬು ಎತ್ತಿದರು. ನಗು ತಡೆಯಲು ನಾನು ದುಪ್ಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಅವರು ಮಿತಭಾಷಿಯಾದರೆ ನಮ್ಮ ಶಿಡ್ಲಘಟ್ಟದ ಬಸ್ ಸ್ಟ್ಯಾಂಡೂ ಮೌನವ್ರತ ಹಿಡಿದಿದೆ ಎನ್ನಬೇಕು. ನಾನು ಕಂಡ ಜನರಲ್ಲಿ ಅಷ್ಟು ಚೆನ್ನಾಗಿ, ಅಷ್ಟು ಖುಷಿಯಿಂದ ಜಗಳವಾಡುವವರು ಇನ್ನೊಬ್ಬರಿಲ್ಲ. ಸಭೆಯಲ್ಲಿ ಅದನ್ನು ಹೇಳಲು ಮೈಕು ನನಗೆ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರನ್ನೇ ಕೇಳಿದೆ. "ಏನ್ ಬೇಕಾದ್ರೂ ಬರ್ಕೋ, ಹೆಸ್ರು ಮಾತ್ರ ಹಾಕ್ಬೇಡ ಕಣಮ್ಮ. ಹಾಕಿದ್ರೆ ನಿಮ್ಮ ಮನೆಗೇ ಬಂದು ಜಗಳ ಆಡ್ತೀನಿ. ನಿಮ್ಮಮ್ಮಿ ಕೂಡ ನನ್ನ ಕಡೆಗೇ ಸೇರ್ತಾರೆ, ಗೊತ್ತಲ್ಲ?" ಎಂದರು. ಗೊತ್ತು. ಆದ್ದರಿಂದ ಬರೀ ಮೇಡಂ ಎಂದೇ ಇರಲಿ.

ನಮ್ಮದು ನಂದಿಯ ಹತ್ತಿರ, ಬೆಟ್ಟದ ತಪ್ಪಲಿನ ವಸತಿ ಶಾಲೆ. ಹೆಸರಿನ ಕೊನೆಗೆ ಇಂಟರ್‌ನ್ಯಾಷನಲ್ ಎಂದು ಅಂಟಿಸಿಕೊಂಡ ಶಾಲೆಗಳು ಈ ಕಡೆ ಈಗ ಬೇಕಾದಷ್ಟಿವೆ. ನಮ್ಮಲ್ಲಿ ಹೊರದೇಶದ ಮಕ್ಕಳು ನಿಜಕ್ಕೂ ಬಂದು ಓದುತ್ತಾರೆ. ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ, ಯೆಮೆನ್. ಬರುವಾಗ ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ನೇರವಾಗಿ ಒಂಬತ್ತನೆಯ ತರಗತಿಯಲ್ಲಿ ಕೂರಿಸಿದರೆ ಪಾಠ ಒಂದೂ ತಲೆಗೆ ಹತ್ತುವುದಿಲ್ಲ. ಅದಕ್ಕೇ ಮೊದಲ ಕೆಲವು ತಿಂಗಳು ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷ್ ಒಂದೇ. ಇದನ್ನು ನಾವು ಬ್ರಿಡ್ಜ್ ಎನ್ನುತ್ತೇವೆ. ಮೇಡಂ ಬ್ರಿಡ್ಜ್‌ನ ಮುಖ್ಯಸ್ಥೆ. ನಾನು ಅಲ್ಲಿ ಗಣಿತದ ಇಂಗ್ಲಿಷ್ ಹೇಳಿಕೊಡುವವಳು. ಲೆಕ್ಕ ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಲೆಕ್ಕದ ಮಾತು ಬರುವುದಿಲ್ಲ, ಅಷ್ಟೆ. ಕೊನೆಯಲ್ಲಿ ಬರೆಯುವ ಪರೀಕ್ಷೆ ಒಂದು, ಮಾತಾಡುವ ಪರೀಕ್ಷೆ ಒಂದು. ಎರಡರಲ್ಲೂ ಪಾಸಾದವರು ಒಂಬತ್ತನೆಯ ತರಗತಿಗೆ ಹೋಗುತ್ತಾರೆ.

ಮೇಡಂ ಕೆಂಚಾರ್ಲಹಳ್ಳಿಯ ಕಡೆಯವರು, ಮನೆ ಮಾಡಿದ್ದು ಚಿಂತಾಮಣಿಯಲ್ಲಿ. ಅವರು ಹತ್ತಿಕೊಂಡು ಬರುವ ಬಸ್ಸನ್ನೇ ನಾನು ಶಿಡ್ಲಘಟ್ಟದಲ್ಲಿ ಹತ್ತುತ್ತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಇಳಿದರೆ ಶಾಲೆಯ ವ್ಯಾನು. ನನಗಾಗಿ ಪಕ್ಕದ ಸೀಟಿನ ಮೇಲೆ ಊಟದ ಬ್ಯಾಗ್ ಇಟ್ಟು ಕಾಯುವುದು ಅವರ ನಿತ್ಯದ ಹೋರಾಟ. ನಡುದಾರಿಯಲ್ಲಿ ಹತ್ತಿದವರು "ಯಾರಿಗಮ್ಮ ಹಿಡ್ದಿರೋದು ಸೀಟು?" ಎಂದರೆ "ನನ್ನ ಮಗಳಿಗೆ" ಎನ್ನುವರು. ಆಮೇಲೆ ತಲೆಯ ಮೇಲೆ ದುಪ್ಪಟ್ಟಾ ಹೊದ್ದ ನಾನು ಹತ್ತಿ ಬಂದು ಕೂತಾಗ, ಕೇಳಿದವರು ನನ್ನನ್ನೂ ಅವರ ಹಣೆಯ ಕುಂಕುಮವನ್ನೂ ಒಂದಾದ ಮೇಲೊಂದು ನೋಡುವರು. "ಏನಪ್ಪ ಹಂಗೆ ನೋಡ್ತೀಯ? ದೊಡ್ಡ ಮಗಳು ಕಣಯ್ಯ" ಎಂದು ಮೇಡಂ ಗದರಿದರೆ ಅಲ್ಲಿಗೆ ಮುಗಿಯಿತು.

ಕೂತ ಮೇಲೆ ಮಾತು ಶುರು. ಕಂಡಕ್ಟರ್ ಜೊತೆ ತೆಲುಗು, ಹಿಂದಿನ ಸೀಟಿನವರ ಜೊತೆ ಕನ್ನಡ, ನಮ್ಮ ಅಮ್ಮಿಯ ಫೋನ್ ಬಂದರೆ ನನ್ನ ಕೈಯಿಂದ ಕಿತ್ತುಕೊಂಡು ಹರಕುಮುರುಕು ಉರ್ದು. ನನ್ನ ಜೊತೆ ಮಾತಾಡುವಾಗ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. "ಏನ್ ತಿಂಡಿ ಇವತ್ತು? ಉಪ್ಪಿಟ್ಟಾ? ಉಪ್ಪಿಟ್ಟೇ ಇರ್ಬೇಕು ಬಿಡು, ಸೋಮ್ವಾರ ನಿಮ್ಮಮ್ಮಂಗೆ ಪುರುಸೊತ್ತೆಲ್ಲಿ." ನಾನು ತಲೆಯಾಡಿಸಿದರೆ ಸಾಕು. ನನಗದು ಹಿತವಾಗಿಯೇ ಇತ್ತು. ಬೆಳಿಗ್ಗೆ ಎದ್ದು ಮಾತಾಡುವ ಕಷ್ಟವನ್ನು ಇನ್ನೊಬ್ಬರು ವಹಿಸಿಕೊಂಡರೆ ಯಾರಿಗೆ ಬೇಡ?

ಅವರು ಇಂಗ್ಲಿಷ್ ಮಾತಾಡಲು ಕಲಿತ ಕತೆಯನ್ನು ನೂರಾರು ಸಲ ಕೇಳಿದ್ದೇನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮೀಡಿಯಂ. ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದ ಮೇಲೂ ಬಾಯಿಬಿಟ್ಟು ಒಂದು ವಾಕ್ಯ ಆಡಿರಲಿಲ್ಲವಂತೆ. ಯಾವುದೋ ತರಬೇತಿಗೆಂದು ದೆಹಲಿಯ ರೈಲು ಹತ್ತಿದರೆ ಅವರ ಸೀಟಿನಲ್ಲಿ ಟೈ ಕಟ್ಟಿದ ದೊಡ್ಡ ಮನುಷ್ಯನೊಬ್ಬ ಕಾಲು ಚಾಚಿ ಮಲಗಿದ್ದ.

"ಎದ್ದೇಳಪ್ಪ ಅಂದೆ. ಕನ್ನಡ ಬರಲ್ಲ ಅಂದ. ಲೇವಯ್ಯಾ ಅಂದೆ. ತೆಲುಗೂ ಬರಲ್ಲ ಅಂದ. ಇಂಗ್ಲಿಷಲ್ಲಿ ಏನೋ ಅಂದು ಮಗ್ಗುಲು ಬದಲಾಯ್ಸಿ ಮಲ್ಕೊಂಡ ನೋಡು, ನಂಗೆ ಎಲ್ಲಿತ್ತೋ ಸಿಟ್ಟು! ಬೆಂಗಳೂರು ಬಿಟ್ಟಾಗ ಶುರು ಮಾಡಿದ್ದು. ಗುಂತಕಲ್ ಬರೋ ಹೊತ್ತಿಗೆ ಸೀಟೂ ಸಿಕ್ತು, ಇಂಗ್ಲಿಷೂ ಸಿಕ್ತು."

ಅವರ ಪಾಠದ ಕ್ರಮವೆಲ್ಲ ಹುಟ್ಟಿದ್ದು ಆ ರೈಲಿನಲ್ಲೇ. ಸಿಟ್ಟು ಬಂದವರಿಗೆ ತಪ್ಪು ಮಾತಾಡುತ್ತೇನೋ ಎಂಬ ಭಯ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಪ್ರತಿ ಶುಕ್ರವಾರ ಊಟದ ನಂತರ ಬ್ರಿಡ್ಜ್‌ನಲ್ಲಿ ಜಗಳದ ಪೀರಿಯಡ್. ವೇಳಾಪಟ್ಟಿಯಲ್ಲಿ ಅದಕ್ಕೆ ಸಂಭಾಷಣೆ ಎಂಬ ಮರ್ಯಾದಸ್ಥ ಹೆಸರಿತ್ತು. ಮೇಡಂ ಒಂದು ವಾರ ಯೂನಿಫಾರ್ಮನ್ನು ಗಿಡ್ಡ ಹೊಲಿದ ಟೈಲರ್ ಆಗುವರು, ಇನ್ನೊಂದು ವಾರ ತಣ್ಣಗಿನ ಸಾರು ಬಡಿಸಿದ ಅಡುಗೆಯವರು, ಮತ್ತೊಂದು ವಾರ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರ್. ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಜೊತೆ ಜಗಳ ಆಡಬೇಕು. ಎದ್ದು ನಿಲ್ಲಬೇಕು, ಏನು ತಪ್ಪಾಗಿದೆ ಎಂದು ಹೇಳಬೇಕು, ತನಗೇನು ಬೇಕು ಎಂದು ಕೇಳಬೇಕು. ಬೈಯುವಂತಿಲ್ಲ, ಅಳುವಂತಿಲ್ಲ. 'ಇಟ್ಸ್ ಓಕೆ' ಎಂದವರು ಸೋತ ಹಾಗೆ.

ಆ ಮಕ್ಕಳ ಪಾಡು ಕೇಳಬೇಡಿ. ಗುರುಗಳ ಎದುರು ತಲೆ ಎತ್ತಬಾರದೆಂದು ಬೆಳೆಸಿದ ಮನೆಗಳಿಂದ ಬಂದವರು ಅವರು. ಥಾಯ್ಲೆಂಡಿನ ಹುಡುಗನೊಬ್ಬ ಕೈ ಮುಗಿದುಕೊಂಡು, ನಗುನಗುತ್ತ, ಟೈಲರನ್ನು ತರಾಟೆಗೆ ತೆಗೆದುಕೊಂಡ. ಇನ್ನೊಬ್ಬ ಜಗಳ ಶುರು ಮಾಡಿದ್ದೇ ಕ್ಷಮೆ ಕೇಳಿ, ಮುಗಿಸುವಾಗ ತನ್ನ ಕಾಲೇ ಸ್ವಲ್ಪ ಉದ್ದ ಎಂದು ಒಪ್ಪಿಕೊಂಡ. ಮೇಡಂ ಬಿಡುವವರೇ? ಸೊಂಟಕ್ಕೆ ಸೆರಗು ಸಿಕ್ಕಿಸಿ, "ಹೊಲಿಗೆಯೇನೋ ಸರಿಯಾಗಿದೆ, ನಿನ್ನನ್ನೇ ಗಿಡ್ಡ ಮಾಡಲೇನು?" ಎಂದು ಇಂಗ್ಲಿಷಿನಲ್ಲಿ ರೇಗಿಸುವರು. ಎರಡು ತಿಂಗಳಲ್ಲಿ ಆ ಮಕ್ಕಳ ಬಾಯಿ ಬಿಚ್ಚಿಕೊಳ್ಳುತ್ತಿದ್ದ ಪರಿ ನೋಡಿ ನಾನು ದಂಗಾಗಿದ್ದೇನೆ. ನನ್ನ ಪೀರಿಯಡ್ಡಿನಲ್ಲಿ ಹೋಮ್‌ವರ್ಕ್ ಜಾಸ್ತಿ ಕೊಟ್ಟರೆ ನಾಲ್ಕು ಮಂದಿ ಎದ್ದು ನಿಲ್ಲುವರು. ಅದರ ಫಲ ಉಂಡವಳು ನಾನು.

ಒಂದು ಭಾನುವಾರ ವಿಯೆಟ್ನಾಂನ ಹುಡುಗನೊಬ್ಬ ನಂದಿಯ ರಸ್ತೆಯಲ್ಲಿ ದ್ರಾಕ್ಷಿ ಮಾರುವ ಹೆಂಗಸಿನ ಜೊತೆ ಕಲಿತದ್ದನ್ನೆಲ್ಲ ಪ್ರಯೋಗಿಸಿದ. ಹಣ್ಣು ಹುಳಿ ಎಂಬುದು ಅವನ ತಕರಾರು. ಅವನದು ಇಂಗ್ಲಿಷ್, ಆಕೆಯದು ತೆಲುಗು ಬೆರೆತ ಕನ್ನಡ. ಇಬ್ಬರೂ ಕೈ ತಿರುಗಿಸಿಕೊಂಡು ಸಾಕಾಗುವಷ್ಟು ಆಡಿದರು. ಕೊನೆಗೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಅಬ್ಬಬ್ಬ, ಎಲ್ಲಿಂದ ಬಂತಪ್ಪ ಈ ಪಿಳ್ಳೆ! ತಗೋ, ಇದು ಸೀ ಇದೆ" ಎಂದು ಇನ್ನೊಂದು ಗೊಂಚಲು ಅವನ ಕೈಗಿಟ್ಟಳು. ಹುಡುಗ ಅದನ್ನು ಪದಕದ ಹಾಗೆ ಎತ್ತಿ ಹಿಡಿದು ಹಾಸ್ಟೆಲಿಗೆ ತಂದ. ಅದೇ ಹುಡುಗ ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಯ ಎದುರೂ 'ಐ ಡೋಂಟ್ ಅಗ್ರೀ' ಎಂದನಂತೆ. ಅವನ ತಾಯಿಯಿಂದ ಇಮೇಲ್ ಬಂತು. ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿ, ನಾವು ಇಂಗ್ಲಿಷ್ ಕಲಿಸಬೇಕೋ ಅವಿಧೇಯತೆ ಕಲಿಸಬೇಕೋ ಎಂದು ಕೇಳಿದರು. ಮೇಡಂ ಎದ್ದು ನಿಂತು, ಏನು ತಪ್ಪಾಗಿದೆ, ತಮಗೇನು ಬೇಕು ಎಂದು ಕ್ರಮವಾಗಿ ಹೇಳಿ ಹೊರಬಂದರು. ಜಗಳದ ಪೀರಿಯಡ್ ಉಳಿಯಿತು.

ಹಾಗೆಂದು ಅವರು ಬರೀ ಬಾಯಿಯವರಲ್ಲ. ಅವರೆಕಾಯಿಯ ಕಾಲದಲ್ಲಿ ಊರಿಂದ ದೊಡ್ಡ ಚೀಲದ ತುಂಬ ಕಾಯಿ ತರುವರು. ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ ಬಿಡಿಸಲು ಹೇಳುವರು. "ಕೈಗೆ ಕೆಲಸ ಇದ್ರೆ ಬಾಯಿಗೆ ನಾಚ್ಕೆ ಇರಲ್ಲ" ಎಂದು ನನಗೆ ಕನ್ನಡದಲ್ಲಿ ಗುಟ್ಟು ಹೇಳುವರು. ನಿಜಕ್ಕೂ, ಕಾಯಿ ಬಿಡಿಸುತ್ತ ಆ ಮಕ್ಕಳು ತಮ್ಮ ಮನೆಯ ನಾಯಿ, ತಮ್ಮನ ಚೇಷ್ಟೆ, ಹಾಸ್ಟೆಲಿನ ದೆವ್ವ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಮರುದಿನ ಹಿತುಕಿದ ಬೇಳೆಯ ಸಾರು ಅವರ ಡಬ್ಬಿಯಲ್ಲಿ ಬರುತ್ತಿತ್ತು. ಅನ್ನಕ್ಕೆ ಕಲಸಿಕೊಂಡು ಎಲ್ಲರೂ ಬೆರಳು ನೆಕ್ಕುವರು.

ಕೊನೆಯ ವರ್ಷಗಳಲ್ಲಿ ಅವರಲ್ಲಿ ಒಂದು ಹೊಸ ಅಭ್ಯಾಸ ಕಾಣಿಸಿಕೊಂಡಿತ್ತು. ತರಗತಿಯಲ್ಲಿ ಪ್ರಶ್ನೆ ಕೇಳಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನಿಲ್ಲುವರು. ಎಷ್ಟು ಹೊತ್ತಾದರೂ ಸರಿ, ಹಿಂದಿನಿಂದ ಯಾರಾದರೂ ಉತ್ತರ ಹೇಳುವವರೆಗೆ ತಿರುಗುತ್ತಿರಲಿಲ್ಲ. ಹೊಸದಾಗಿ ಬಂದ ಟೀಚರುಗಳು ಅದೇನೋ ವಿದೇಶಿ ತಂತ್ರ ಎಂದುಕೊಂಡಿದ್ದರು. ಅದನ್ನು ಅವರಿಗೆ ಕಲಿಸಿದ್ದು ಒಬ್ಬ ಹುಡುಗಿ. ಅವಳ ಕತೆ ಹೇಳಿದರೆ ಮೇಡಂ ಎಂಥವರೆಂದು ಹೇಳಿದ ಹಾಗೆ.

ಹುಡುಗಿ ಕೊರಿಯಾದವಳು, ಹದಿನೈದರ ಪ್ರಾಯ. ನಮ್ಮದು ಅವಳಿಗೆ ಮೂರನೆಯ ಶಾಲೆ. ಅಲ್ಲಿಂದ ಮಕ್ಕಳನ್ನು ಕರೆತಂದು, ತಲೆಗಿಷ್ಟು ಎಂದು ಕಮಿಷನ್ ಪಡೆದು ಇಲ್ಲಿನ ಶಾಲೆಗಳಿಗೆ ಸೇರಿಸುವ ಏಜೆಂಟ್ ಒಬ್ಬ ಅವಳನ್ನು ಎರಡು ಕಡೆ ಸೇರಿಸಿ, ಎರಡು ಕಡೆಯಿಂದಲೂ ಬಿಡಿಸಿ ನಮ್ಮಲ್ಲಿಗೆ ತಂದಿದ್ದ. ಬಂದ ದಿನದಿಂದ ಹುಡುಗಿ ಬಾಯಿಯೇ ಬಿಡಲಿಲ್ಲ. ಬರೆಯಲು ಹೇಳಿದರೆ ಪುಟಗಟ್ಟಲೆ, ತಪ್ಪಿಲ್ಲದೆ. ನನ್ನ ತರಗತಿಯಲ್ಲಿ ಲೆಕ್ಕದ ಪ್ರಶ್ನೆಗಳನ್ನು ಎಲ್ಲರಿಗಿಂತ ಮೊದಲು ಬಿಡಿಸಿ ಸುಮ್ಮನೆ ಕೂರುವಳು. ಅವರೆಕಾಯಿಯ ದಿನ ಅವಳ ಮುಂದಿನ ಸಿಪ್ಪೆಯ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದು, ಆದರೆ ಮಾತು ಒಂದೂ ಇಲ್ಲ. ಜಗಳದ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಿಂದ ಎಲ್ಲವನ್ನೂ ಕಣ್ಣಗಲಿಸಿ ನೋಡುವಳು. ಅವಳ ಸರದಿ ಬಂದರೆ ತಲೆ ತಗ್ಗಿಸಿ ನಿಲ್ಲುವಳು. ಮೇಡಂ ಕೇಳುವರು, ಪುಸಲಾಯಿಸುವರು, ಸುಳುಹು ಕೊಡುವರು, ಕೊನೆಗೆ ಅವಳ ಪರವಾಗಿ ತಾವೇ ತಮ್ಮ ಜೊತೆ ಜಗಳ ಆಡಿ ಮುಗಿಸುವರು. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಬರೆಯುವ ಪರೀಕ್ಷೆಯಲ್ಲಿ ಅವಳೇ ಎಲ್ಲರಿಗಿಂತ ಮುಂದೆ ಬಂದಳು. ಮಾತಾಡುವ ಪರೀಕ್ಷೆಯಲ್ಲಿ ಎದುರಿಗೆ ಕೂತು ಎದ್ದು ಹೋದಳು. ಶಾಲೆಯ ನಿಯಮದ ಪ್ರಕಾರ ಅವಳಿಗೆ ಒಂಬತ್ತನೆಯ ತರಗತಿ ಇಲ್ಲ. ಅವಳ ಅಪ್ಪ ಕೊರಿಯಾದಿಂದ ಬರುತ್ತಿದ್ದಾರೆ, ಏಜೆಂಟ್ ಈಗಾಗಲೇ ದೂರದ ಯಾವುದೋ ಊರಿನಲ್ಲಿ ನಾಲ್ಕನೆಯ ಶಾಲೆಯೊಂದನ್ನು ನೋಡಿಟ್ಟಿದ್ದಾನೆ, ಅಲ್ಲಿ ಎರಡು ತರಗತಿ ಕೆಳಗೆ ಕೂರಿಸುತ್ತಾರೆ ಎಂದು ಪ್ರಿನ್ಸಿಪಾಲರು ತಿಳಿಸಿದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಮೇಡಂ ಕಂಡಕ್ಟರ್ ಜೊತೆಗೂ ಮಾತಾಡಲಿಲ್ಲ. ವ್ಯಾನು ಹತ್ತಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಟೊಮೆಟೊ ಸಸೀನೇ ಎರಡು ಸಲ ಕಿತ್ತು ನೆಟ್ರೆ ಸೊರಗೋಗುತ್ತೆ ಕಣಮ್ಮ. ಇದು ಮಗು. ಈಗ ಇನ್ನೊಂದ್ಸಲ ಕಿತ್ರೆ ಆಯ್ತು, ಜೀವಮಾನದಲ್ಲಿ ಯಾರ ಹತ್ರಾನೂ ಮಾತಾಡಲ್ಲ."

"ನೀವು ಪ್ರಿನ್ಸಿಪಾಲ್ರಿಗೆ ಹೇಳಿ ನೋಡಿ ಮೇಡಂ."

"ಹೇಳ್ದೆ. ಅವ್ರಪ್ಪಂಗೇ ಹೇಳಿ ಅಂದ್ರು. ಅವ್ರಪ್ಪಂಗೆ ಇಂಗ್ಲಿಷ್ ಬರಲ್ಲ. ನಂಗೆ ಅವ್ರ ಭಾಷೆ ಬರಲ್ಲ. ಮಧ್ಯೆ ಆ ಏಜೆಂಟ್ ಇದಾನೆ. ಏನ್ ಮಾಡ್ಲಿ?" ಎಂದರು. ಪ್ರಶ್ನೆ ಕೇಳಿ ಅವರು ಉತ್ತರ ಹೇಳದೆ ಇದ್ದದ್ದು ನನಗೆ ಗೊತ್ತಿದ್ದ ಹಾಗೆ ಅದೇ ಮೊದಲು.

ಹುಡುಗಿಯ ಅಪ್ಪ ಬಂದ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಹುಡುಗಿಯ ಗಣಿತದ ಪತ್ರಿಕೆಗಳನ್ನು ತೋರಿಸಲು ನನ್ನನ್ನೂ ಕರೆದಿದ್ದರು. ಅಪ್ಪ ಬಿಗಿಯಾದ ಮುಖದ, ಕಡಿಮೆ ಎತ್ತರದ ಮನುಷ್ಯ. ನೇರವಾಗಿ ಕೂತು ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಏಜೆಂಟ್, ಗೋಡೆಯ ಬದಿಯ ಕುರ್ಚಿಯಲ್ಲಿ ಹುಡುಗಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ಮೇಡಂ ಅಪ್ಪನ ಮುಖವನ್ನೇ ನೋಡುತ್ತ ಹೇಳಿದರು. "ನಿಮ್ಮ ಮಗಳಿಗೆ ಎಲ್ಲ ಅರ್ಥವಾಗುತ್ತದೆ. ಬರೆಯುವುದರಲ್ಲಿ ಅವಳಷ್ಟು ಚೆನ್ನಾಗಿ ಇಲ್ಲಿ ಯಾರೂ ಇಲ್ಲ. ಮಾತಾಡುವುದೊಂದೇ ಬಾಕಿ, ಅದೂ ಬರುತ್ತದೆ. ಇನ್ನು ಸ್ವಲ್ಪ ಕಾಲ ನನ್ನ ಹತ್ತಿರ ಬಿಡಿ. ದಯವಿಟ್ಟು ಈಗ ಕರೆದುಕೊಂಡು ಹೋಗಬೇಡಿ."

ಏಜೆಂಟ್ ಅಪ್ಪನ ಕಡೆ ಬಾಗಿ ನಾಲ್ಕು ಮಾತಿನಲ್ಲಿ ಅದನ್ನು ಅವರ ಭಾಷೆಯಲ್ಲಿ ಹೇಳಿ ಮುಗಿಸಿದ. ಅಪ್ಪನ ಮುಖ ಇಳಿದುಹೋಯಿತು. ಅವರು ಮಗಳ ಕಡೆ ಒಮ್ಮೆ ನೋಡಿ, ಎದ್ದು, ಮೇಡಂ ಅವರಿಗೆ ಕ್ಷಮೆ ಕೇಳುವವರ ಹಾಗೆ ಬಗ್ಗಿ ವಂದಿಸಿದರು. ಯಾಕೆಂದು ತಿಳಿಯದ ಮೇಡಂ ತಾವೂ ಕೈ ಮುಗಿದರು. ಅಷ್ಟು ಒಳ್ಳೆಯ ಮಾತು ಕೇಳಿದ ಮನುಷ್ಯ ಹೀಗೇಕೆ ಬಾಡಿಹೋದ ಎಂದು ನಾನು ಯೋಚಿಸುತ್ತಿರುವಾಗ ಗೋಡೆಯ ಬದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು.

ಹುಡುಗಿ ಎದ್ದು ನಿಂತಿದ್ದಳು.

"ಎಕ್ಸ್‌ಕ್ಯೂಸ್ ಮಿ," ಎಂದಳು. "ಐ ಡೋಂಟ್ ಅಗ್ರೀ."

ಆ ದನಿಯನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ಎಳೆ ದನಿ ಇರಬಹುದೆಂದುಕೊಂಡಿದ್ದೆ. ಒಳ್ಳೆ ಗಟ್ಟಿ ದನಿ.

ಅವಳು ಏಜೆಂಟನ ಕಡೆ ತಿರುಗಿದಳು. "ಮ್ಯಾಮ್ ಹೇಳಿದ್ದು ಅದಲ್ಲ. ನನಗೆ ಎಲ್ಲ ಅರ್ಥವಾಗುತ್ತದೆ ಎಂದರು. ಇಲ್ಲಿ ಬಿಡಿ ಎಂದರು. ನೀವು ನಮ್ಮಪ್ಪನಿಗೆ, ಈ ಹುಡುಗಿಯ ಕೈಲಿ ಆಗುವುದಿಲ್ಲ, ಕರೆದುಕೊಂಡು ಹೋಗಿ ಎಂದು ಟೀಚರೇ ಹೇಳುತ್ತಿದ್ದಾರೆ ಎಂದಿರಿ. ಹಿಂದಿನ ಶಾಲೆಯಲ್ಲೂ ಹೀಗೇ ಮಾಡಿದಿರಿ."

ಏಜೆಂಟ್ ನಕ್ಕ. "ಮಗು ಗಾಬರಿಯಾಗಿದೆ" ಎಂದು ಪ್ರಿನ್ಸಿಪಾಲರಿಗೆ ಹೇಳಿದ.

"ನಾನು ಗಾಬರಿಯಾಗಿಲ್ಲ. ನನಗೆ ಕೋಪ ಬಂದಿದೆ." ಅವಳ ಕಿವಿಗಳು ಕೆಂಪಾಗಿದ್ದವು. ತಪ್ಪೇನೆಂದು ಹೇಳಿಯಾಗಿತ್ತು. ಏನು ಬೇಕೆಂದು ಕೇಳುವುದು ಉಳಿದಿತ್ತು. ಅದನ್ನು ಅವಳು ಪ್ರಿನ್ಸಿಪಾಲರನ್ನೇ ನೋಡಿ ಕೇಳಿದಳು. "ನಾನು ಇನ್ನೊಂದು ಶಾಲೆಗೆ ಹೋಗುವುದಿಲ್ಲ. ನನಗೆ ಇಲ್ಲೇ ಓದಬೇಕು."

ಮೇಡಂ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದರು. ಹುಡುಗಿ ಅವರ ಕಡೆಗೂ ತಿರುಗಿದಳು.

"ಮತ್ತೆ ಮ್ಯಾಮ್, ನಿಮ್ಮ ಜೊತೆಗೂ. ಐ ಡೋಂಟ್ ಅಗ್ರೀ. ನೀವು ಪ್ರಶ್ನೆ ಕೇಳುತ್ತೀರಿ. ನಾನು ಉತ್ತರ ಜೋಡಿಸುತ್ತೇನೆ. ಜೋಡಿಸಿ ಮುಗಿಸುವಷ್ಟರಲ್ಲಿ ನೀವೇ ಹೇಳಿಬಿಟ್ಟಿರುತ್ತೀರಿ. ಪ್ರತಿ ಶುಕ್ರವಾರವೂ ಹಾಗೇ. ನನಗೆ ಜಾಗವೇ ಇರುವುದಿಲ್ಲ. ದಯವಿಟ್ಟು ಕಾಯಿರಿ."

ಮೇಡಂ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಬೇಜಾರಾಯಿತೇನೋ ಎಂದು ನಾನು ಹೆದರಿದೆ. ನೋಡಿದರೆ ನಗುತ್ತಿದ್ದಾರೆ, ಕಣ್ಣಿಂದ ನೀರು ಸುರಿಯುತ್ತಿದೆ. ಸೆರಗಿನಿಂದ ಒರೆಸಿಕೊಳ್ಳುತ್ತ ನನಗೆ ಮಾತ್ರ ಕೇಳುವ ಹಾಗೆ, "ಬೈದ್ಲು ಕಣಮ್ಮ. ನನ್ನೇ ಬೈದ್ಲು. ಸದ್ಯ!" ಎಂದರು. ನನ್ನ ಎದೆಯ ಮೇಲಿನ ಭಾರವೂ ಅದೇ ಕ್ಷಣ ಇಳಿಯಿತು. ಅಷ್ಟು ಹಗುರಾದದ್ದು ನನ್ನ ಮದುವೆ ನಿಶ್ಚಯವಾದ ದಿನವೂ ನೆನಪಿಲ್ಲ.

ಪ್ರಿನ್ಸಿಪಾಲರು ಅವಿಧೇಯತೆಯ ಮಾತೆತ್ತಲಿಲ್ಲ. ಮುಂದಿದ್ದ ಫೈಲನ್ನು ಮುಚ್ಚಿ, "ಮಾತಾಡುವ ಪರೀಕ್ಷೆ ಮುಗಿಯಿತು ಎಂದು ತಿಳಿಯುತ್ತೇನೆ" ಎಂದರು. ಏಜೆಂಟ್ ಏನೋ ಹೇಳಲು ಹೊರಟಾಗ, ಇನ್ನು ಮುಂದಿನ ಮಾತನ್ನೆಲ್ಲ ಮಗಳೇ ಅಪ್ಪನಿಗೆ ಹೇಳಲಿ, ನೀವು ದಯವಿಟ್ಟು ಹೊರಗೆ ಕೂತಿರಿ ಎಂದರು. ಅವನು ಮೊಬೈಲು ನೋಡಿಕೊಳ್ಳುತ್ತ ಎದ್ದು ಹೋದ. ಹುಡುಗಿ ಬಂದು ಅವನ ಕುರ್ಚಿಯಲ್ಲಿ ಕೂತು, ಅಪ್ಪನಿಗೆ ಮೊದಲಿನಿಂದ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ಹೇಳಿದಳು.

ಅಪ್ಪ ಕೇಳಿಸಿಕೊಂಡರು. ಆಮೇಲೆ ಮೇಡಂ ಅವರ ಕಡೆ ತಿರುಗಿ, ಅದೇ ಬಿಗಿ ಮುಖದಲ್ಲಿ, ಒಂದು ಮಾತು ಕೇಳಿದರು. ಹುಡುಗಿ ನಾಚಿಕೊಂಡು ತಲೆ ತಗ್ಗಿಸಿದಳು. ನಮಗೆಲ್ಲ ಮತ್ತೆ ದಿಗಿಲಾಯಿತು.

"ಏನಂತೆ?" ಎಂದರು ಮೇಡಂ. ಕೇಳಿ, ತುಟಿ ಬಿಗಿಹಿಡಿದು ಕಾದರು. ಹುಡುಗಿ ವಾಕ್ಯ ಜೋಡಿಸಿಕೊಳ್ಳುವವರೆಗೂ ಕಾದರು.

"ನಮ್ಮಪ್ಪ ಕೇಳುತ್ತಿದ್ದಾರೆ, ಇವಳು ಯಾವಾಗಲೂ ಹೀಗೆ ದೊಡ್ಡವರ ಜೊತೆ ಜಗಳ ಆಡುತ್ತಾಳಾ ಅಂತ."

"ಇವತ್ತಿನಿಂದ ಅಂತ ಹೇಳಮ್ಮ" ಎಂದರು ಮೇಡಂ.

ಹುಡುಗಿ ಹೇಳಿದಳು. ಅಪ್ಪ ಮೊದಲು ಮಗಳನ್ನು ನೋಡಿದರು, ಆಮೇಲೆ ಮೇಡಂ ಅವರನ್ನು ನೋಡಿದರು, ಆಮೇಲೆ ಮೊಣಕಾಲಿನ ಮೇಲಿದ್ದ ಕೈ ತೆಗೆದು ಗಟ್ಟಿಯಾಗಿ ನಕ್ಕುಬಿಟ್ಟರು.